ಕಸ ನಮ್ಮದು, ಕೈ ನಮ್ಮದು, ನೆಲ ಯಾರದು?

ಲೋವರ್ ಪರೇಲಿನಲ್ಲಿ ಫಿನಿಕ್ಸ್ ಮಿಲ್ಲಿನ ಯಂತ್ರಗಳು ಓಡುತ್ತಿದ್ದ ಜಾಗದಲ್ಲಿ ಇಂದು ಮಾಲು ನಿಂತಿದೆಯೆಂಬುದು ನಿಮಗೆ ತಿಳಿಯದ್ದಲ್ಲ. ಈ ನಗರದ ಮಾಲುಗಳಲ್ಲಿ, ದೊಡ್ಡ ದೊಡ್ಡ ಅಂಗಡಿಗಳಲ್ಲಿ ಈಗೊಂದು ಹೊಸ ವ್ಯಾಪಾರ ನಡೆದಿದೆ. ಒಂದು ಹಿಡಿ ಪಾಲಕ್, ಒಂದು ಹಿಡಿ ಮೆಂತೆಯನ್ನು ತೊಳೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ 'ಸಾವಯವ' ಎಂಬ ಚೀಟಿ ಅಂಟಿಸುತ್ತಾರೆ. ಫುಟ್‌ಪಾತಿನ ಭಾಜಿವಾಲಿ ಕೇಳುವ ಬೆಲೆಗೂ ಆ ಚೀಟಿಯ ಬೆಲೆಗೂ ಹೋಲಿಕೆಯೇ ಇಲ್ಲ. ಆ ಚೀಟಿಯ ನಿಜವಾದ ಅರ್ಥ ಇಷ್ಟೇ: ವಿಷವಿಲ್ಲದ ಸೊಪ್ಪು ಬೇಕಾದವನು ಹಣ ಕೊಡಲಿ, ಹಣವಿಲ್ಲದವನು ವಿಷವನ್ನೇ ತಿನ್ನಲಿ.

ಈ ಮಾತನ್ನು ನಾವು ಒಪ್ಪಬೇಕೇ? ಒಪ್ಪಕೂಡದು ಎಂದು ಹೇಳುವುದಕ್ಕಾಗಿಯೇ ಈ ಲೇಖನ. ವಿಷವಿಲ್ಲದ ಸೊಪ್ಪು ಬೆಳೆಯಲು ಬೇಕಾದುದು ಮೂರೇ ವಸ್ತು: ಕೊಳೆಯುವ ಕಸ, ದುಡಿಯುವ ಕೈ, ಒಂದಿಷ್ಟು ನೆಲ. ಮೊದಲಿನ ಎರಡೂ ಶ್ರಮಜೀವಿಗಳಾದ ನಮ್ಮ ಹತ್ತಿರ ಇವೆ, ಅವು ಯಾರ ಭಿಕ್ಷೆಯೂ ಅಲ್ಲ. ಮೂರನೆಯದನ್ನು ನಮ್ಮಿಂದ ಕಿತ್ತುಕೊಂಡಿದ್ದಾರೆ. ಆದುದರಿಂದ ಇದು ಆರೋಗ್ಯದ ಉಪದೇಶವಲ್ಲ, ಪುರುಸೊತ್ತಿದ್ದವರ ಹವ್ಯಾಸವೂ ಅಲ್ಲ. ಇದು ಹಕ್ಕಿನ ಪ್ರಶ್ನೆ.

'ಸಾವಯವ' ಎಂಬ ದೊಡ್ಡ ಶಬ್ದಕ್ಕೆ ಯಾರೂ ಹೆದರಬೇಕಾಗಿಲ್ಲ. ಊರಿನಲ್ಲಿ ನಮ್ಮ ಅಜ್ಜಿಯಂದಿರು ಹಿತ್ತಿಲಿನಲ್ಲಿ ಮಾಡುತ್ತಿದ್ದುದು ಅದನ್ನೇ. ಅಡಿಗೆಮನೆಯ ಅಕ್ಕಚ್ಚು ದನಕ್ಕೆ, ದನದ ಸೆಗಣಿ ಗೊಬ್ಬರದ ಗುಂಡಿಗೆ, ಗುಂಡಿಯ ಗೊಬ್ಬರ ಬಸಳೆ ಚಪ್ಪರದ ಬುಡಕ್ಕೆ, ಬಸಳೆ ಮತ್ತೆ ಅಡಿಗೆಮನೆಗೆ. ಬಚ್ಚಲು ನೀರು ಹೋಗುವಲ್ಲಿ ಕೆಸು, ಬೇಲಿಯ ಮೇಲೆ ತೊಂಡೆ. ಬಿಜಾಪುರ, ಕಲಬುರ್ಗಿ ಕಡೆಯ ಬಂಧುಗಳ ಮನೆಯ ತಿಪ್ಪೆಯ ಲೆಕ್ಕವೂ ಇದೇ. ಆಲ್ಬರ್ಟ್ ಹೋವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ 1924ರಿಂದ 1931ರ ತನಕ ಇಂದೂರಿನಲ್ಲಿದ್ದು ಕಸದಿಂದ ಗೊಬ್ಬರ ಮಾಡುವ 'ಇಂದೂರು ಪದ್ಧತಿ'ಯನ್ನು ಜಗತ್ತಿಗೆ ತಿಳಿಸಿದನು. ಈ ದೇಶದ ರೈತರೇ ತನಗೆ ಗುರುಗಳೆಂದು ಅವನು ಒಪ್ಪಿಕೊಂಡಿದ್ದನು. 1939ರಲ್ಲಿ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯರು ಪಟ್ಟಣದ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮಣ್ಣು ಮುಚ್ಚಿ ಗೊಬ್ಬರ ಮಾಡುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ಕೃಷಿಯ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ಪದ್ಧತಿ' ಎಂದೇ ಹೆಸರು. ಹೀಗೆ ಈ ವಿದ್ಯೆ ಹುಟ್ಟಿದ್ದು ಬಡವರ ಹಿತ್ತಿಲಿನಲ್ಲಿ, ಬೆಳೆದದ್ದು ನಮ್ಮ ನಾಡಿನ ಪಟ್ಟಣದಲ್ಲಿ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಮಗೇ ಮಾರುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು?

ಈಗ ವಿಷದ ಮಾತು. ತಿನ್ನುವವನ ಹೊಟ್ಟೆಗೆ ಎಷ್ಟು ವಿಷ ಹೋಗುತ್ತದೆಂದು ದೊಡ್ಡವರು ಬಹಳ ಚರ್ಚೆ ಮಾಡುತ್ತಾರೆ. ಆ ವಿಷವನ್ನು ಬೆನ್ನಿಗೆ ಕಟ್ಟಿಕೊಂಡು ಗದ್ದೆಯಲ್ಲಿ ನಡೆಯುವವನ ಮಾತನ್ನು ಯಾರೂ ಎತ್ತುವುದಿಲ್ಲ. 2017ರಲ್ಲಿ ಇದೇ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗಿಡಕ್ಕೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತರಷ್ಟು ಮಂದಿ ರೈತರೂ ಕೂಲಿಗಳೂ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಗಿರಣಿಯ ಬಂಧುಗಳೇ, ವಿದರ್ಭದ ಹತ್ತಿ ನಿಮ್ಮ ಕೈಯಲ್ಲಿ ನೂಲಾಗಿದೆ. ಆ ಹತ್ತಿಯ ಹೊಲದಲ್ಲಿ ಸತ್ತವರು ನಿಮಗೆ ಅನ್ಯರೇ? ದಕ್ಷಿಣ ಕನ್ನಡದ ಬಂಧುಗಳೇ, ಕಾಸರಗೋಡಿನಲ್ಲಿಯೂ ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಿನಲ್ಲಿಯೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕತೆಯನ್ನು ನಿಮಗೆ ಹೇಳಬೇಕಾಗಿಲ್ಲ. ಹಾಸಿಗೆ ಬಿಟ್ಟೇಳದ ಮಕ್ಕಳು ಆ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಆಗಬಾರದ್ದೆಲ್ಲ ಆಗಿಹೋಗಿತ್ತು. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಹೊಲದವನು, ಅಡಿಗೆಯವನು, ಉಣ್ಣುವ ಬಡವನ ಮಗು, ಈ ಮೂವರೂ ಒಂದೇ ಸರಪಳಿಯ ಕೊಂಡಿಗಳು. ಮೇಲಿನವನಿಗೆ ಮಾತ್ರ ಚೀಟಿ ಅಂಟಿಸಿದ ಪೊಟ್ಟಣ ಸಿಗುತ್ತದೆ.

ಹೋಟೆಲಿನ ಒಳಗೆ ಬನ್ನಿ. ನಾನು ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದು, ಮೋರಿಯಲ್ಲಿ ಪಾತ್ರೆ ತೊಳೆದು, ತರಕಾರಿ ಕೊಚ್ಚಿ, ಆಮೇಲೆ ಮಾಣಿಯಾಗಿ ದುಡಿದವನು. ಬೆಳಿಗ್ಗೆ ಐದಕ್ಕೆ ಎದ್ದು ಗೋಣಿಗಟ್ಟಲೆ ಬಟಾಟೆ, ನೀರುಳ್ಳಿ, ಕೋಬಿ, ಕೊತ್ತಂಬರಿ ಬಿಡಿಸಿದ ಕೈಗೆ ಮಧ್ಯಾಹ್ನ ಮೂರು ಗಂಟೆಗೆ ಸಿಗುತ್ತಿದ್ದುದು ಏನು? ಅನ್ನ, ನೀರಾದ ಸಾಂಬಾರು, ಗಿರಾಕಿ ಬೇಡವೆಂದ ನಿನ್ನೆಯ ಪಲ್ಯ. ಹೋಟೆಲಿನವನಿಗೆ ಊಟಕ್ಕೇನು ಕಡಿಮೆ ಎಂದು ಊರಿನವರು ಕೇಳುತ್ತಾರೆ. ನೂರು ಮಂದಿಗೆ ಪಲ್ಯ ಬಡಿಸುವವನ ತಟ್ಟೆಯಲ್ಲಿ ವಾರಕ್ಕೊಮ್ಮೆಯೂ ಹಸುರು ಸೊಪ್ಪು ಇರುವುದಿಲ್ಲವೆಂದರೆ ಅವರು ನಂಬುವುದಿಲ್ಲ. ಮಾಳಿಗೆಯಲ್ಲಿ ಸಾಲಾಗಿ ಮಲಗುವ ಹುಡುಗರ ಬಾಯಿಹುಣ್ಣು ನೋಡಿದವನು ನಂಬುತ್ತಾನೆ.

ಅದೇ ಹೋಟೆಲಿನ ಹಿಂಬಾಗಿಲಿನಿಂದ ರಾತ್ರಿ ಏನು ಹೊರಗೆ ಹೋಗುತ್ತದೆ? ನಾನು ದುಡಿದ ಒಂದು ಹೋಟೆಲಿನಿಂದ ದಿನಕ್ಕೆ ಎರಡು ಡ್ರಮ್ಮು ಹೋಗುತ್ತಿತ್ತು: ತರಕಾರಿಯ ಸಿಪ್ಪೆ, ಸೊಪ್ಪಿನ ದಂಟು, ಬಾಳೆಲೆ, ಚಹಾ-ಕಾಫಿಯ ಚರಟ, ತೆಂಗಿನ ನಾರು. ಇವೆಲ್ಲವೂ ಚಿನ್ನದಂಥ ಗೊಬ್ಬರದ ಸಾಮಾನು. ಅದರೊಳಗೇ ಪ್ಲಾಸ್ಟಿಕ್ಕಿನ ಚೀಲ, ಒಡೆದ ಗ್ಲಾಸಿನ ಚೂರು, ಎಣ್ಣೆಯ ಮಡ್ಡಿ. ಎಲ್ಲವೂ ಒಂದಾಗಿ ಪಾಲಿಕೆಯ ಲಾರಿ ಹತ್ತುತ್ತಿತ್ತು. ಈ ನಗರದ ಲಾರಿಗಳು ಹೋದದ್ದು ಎಲ್ಲಿಗೆ? ದೇವನಾರಿಗೆ. 1927ರಿಂದ ಮುಂಬಯಿಯ ಕಸ ಹೊತ್ತು ಬೆಟ್ಟವಾದ ಜಾಗವದು. 2016ರ ಜನವರಿಯಲ್ಲಿ ಆ ಬೆಟ್ಟಕ್ಕೆ ಬೆಂಕಿ ಹತ್ತಿ, ಹೊಗೆ ದಿನಗಟ್ಟಲೆ ಊರನ್ನು ಮುಚ್ಚಿತು, ಶಾಲೆಗಳಿಗೆ ರಜೆ ಕೊಡಬೇಕಾಯಿತು. ಆ ಹೊಗೆ ಮೊದಲು ಕುಡಿದವರು ಗೋವಂಡಿಯ ಝೋಪಡಿಗಳ ಬಡವರು. ಮಣ್ಣಿಗೆ ಸೇರಿದರೆ ಸೊಪ್ಪಾಗಿ ಬರಬೇಕಾದುದು ಬೆಂಕಿಗೆ ಸೇರಿ ಮಕ್ಕಳ ಎದೆಗೆ ಹೊಗೆಯಾಗಿ ಬಂತು.

ಕಾನೂನು ಇರಲಿಲ್ಲವೇ? ಇತ್ತು. 2016ರಲ್ಲಿಯೇ ಕೇಂದ್ರ ಸರಕಾರದ ನಿಯಮ ಹಸಿ ಕಸ, ಒಣ ಕಸ ಬೇರ್ಪಡಿಸಬೇಕೆಂದು ಎಲ್ಲ ಹೋಟೆಲುಗಳಿಗೂ ಹೇಳಿತು. ದಿನಕ್ಕೆ 100 ಕಿಲೋ ಮೀರಿ ಕಸ ಮಾಡುವವರು ಹಸಿ ಕಸವನ್ನು ತಮ್ಮ ಜಾಗದಲ್ಲಿಯೇ ಗೊಬ್ಬರ ಮಾಡಬೇಕೆಂದು 2017ರಲ್ಲಿ ಮುಂಬಯಿ ಪಾಲಿಕೆ ನೋಟೀಸು ಕೊಟ್ಟಿತು. ಕಾಗದ ಬಂತು, ಧಣಿಯ ಗಲ್ಲೆಯೊಳಗೆ ಸೇರಿತು, ಡ್ರಮ್ಮು ಮಾತ್ರ ಎಂದಿನಂತೆ ಹೊರಟಿತು. ಎಲ್ಲ ಮಾಲೀಕರೂ ಹೀಗೆಂದು ನಾನು ಹೇಳಲಾರೆ. ಮನಸ್ಸಿಟ್ಟು ಮಾಡಿದವರೂ ಇದ್ದಾರೆ. ಆದರೆ ಹಲವು ಕಡೆ ಮಾಡಿದ್ದು ಹೇಗೆ? ಬಾಗಿಲಿಗೆ 'ಹಸುರು ಹೋಟೆಲು' ಎಂಬ ಬೋರ್ಡು, ಒಳಗೆ ಹದಿನಾಲ್ಕು ತಾಸು ದುಡಿದ ಕ್ಲೀನರ್ ಹುಡುಗನಿಗೆ ಕೈಗವಸೂ ಇಲ್ಲದೆ ಇನ್ನೊಂದು ತಾಸು ಬಿಟ್ಟಿ ಕಸದ ಕೆಲಸ! ಇದು ಸಾವಯವವಲ್ಲ ಬಂಧುಗಳೇ, ಇದು ಬಿಟ್ಟಿ ಚಾಕರಿಗೆ ಹಸುರು ಬಣ್ಣ.

ಇನ್ನು ನೆಲದ ಮಾತು. ಮುಂಬಯಿಯಲ್ಲಿ ನೆಲ ಎಲ್ಲಿದೆ ಎಂದು ಕೇಳುತ್ತಾರೆ. ಗಿರಣಗಾಂವಿನಲ್ಲಿ ಸುಮಾರು 600 ಎಕರೆ ಗಿರಣಿ ನೆಲವಿತ್ತು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳತ್ವದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರ ಮುರಿಯಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮದಲ್ಲಿ ಒಂದು ಮಾತಿತ್ತು. ಗಿರಣಿ ನೆಲದ ಮೂರರಲ್ಲಿ ಒಂದು ಪಾಲು ಊರಿನ ತೆರೆದ ಜಾಗಕ್ಕೆ, ಒಂದು ಪಾಲು ಸಾಮಾನ್ಯರ ವಸತಿಗೆ, ಉಳಿದೊಂದು ಮಾಲೀಕನಿಗೆ. 2001ರಲ್ಲಿ ಆ ಮಾತನ್ನು ತಿದ್ದಿದರು: ಕಟ್ಟಡವಿಲ್ಲದ ಖಾಲಿ ಜಾಗವನ್ನಷ್ಟೇ ಮೂರು ಪಾಲು ಮಾಡಿದರೆ ಸಾಕು. ಗಿರಣಿಯೊಳಗೆ ಖಾಲಿ ಜಾಗ ಎಷ್ಟಿರುತ್ತದೆ? ಎಲ್ಲ ಕಡೆ ಶೆಡ್ಡು, ಗೋದಾಮು, ಚಿಮಣಿ. ಊರಿಗೆ ಬರಬೇಕಾದ ಎಕರೆಗಳು ಅಂಗೈಯಗಲಕ್ಕೆ ಇಳಿದವು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ನೆಲ ಇರಲಿಲ್ಲ ಎನ್ನಬೇಡಿ. ಇತ್ತು, ಕೊಡಲಿಲ್ಲ.

ನಗರದ ಅಂಚಿನಲ್ಲಿಯೂ ಇದೇ ಕತೆ. ವಸಾಯಿಯ ವಾಡಿಗಳಿಂದ ಬಾಳೆಹಣ್ಣು, ವೀಳ್ಯದೆಲೆ, ತರಕಾರಿ, ಹೂವು ಬುಟ್ಟಿಗಳಲ್ಲಿ ತುಂಬಿ ಬೆಳಗಿನ ಲೋಕಲ್ಲಿನಲ್ಲಿ ಮುಂಬಯಿಗೆ ಬರುತ್ತಿದ್ದವು. ಸಣ್ಣ ಸಣ್ಣ ತುಂಡು ನೆಲ, ಒಂದು ಬಾವಿ, ಮನೆಮಂದಿಯ ದುಡಿಮೆ: ಒಂದು ಮಹಾನಗರಕ್ಕೆ ಹತ್ತಿರದ ತೋಟ ಹೇಗಿರಬೇಕೋ ಹಾಗಿತ್ತು. ಬಿಲ್ಡರರ ಕಣ್ಣು ಅಲ್ಲಿಗೆ ಬಿದ್ದಾಗ ಫಾದರ್ ಫ್ರಾನ್ಸಿಸ್ ದಿಬ್ರಿಟೊ ಎಂಬ ಪಾದ್ರಿಗಳು 'ಹರಿತ ವಸಾಯಿ' ಚಳವಳಿಗೆ ನಿಂತು ಸಾವಿರಾರು ಜನರನ್ನು ಬೀದಿಗೆ ತಂದರು. ಇಂದು ಅಲ್ಲಿ ಉಳಿದ ಹಸುರಿನಲ್ಲಿ ಆ ಜನರ ಹೋರಾಟದ ಪಾಲಿದೆ. ಹೋದ ಹಸುರಿನ ಮೇಲೆ ಕಟ್ಟಡಗಳು ನಿಂತಿವೆ. ಇನ್ನು ರೈಲು ಹಳಿಯ ಬದಿಯ ಸೊಪ್ಪಿನ ಮಡಿಗಳನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? 1970ರ ದಶಕದಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಎಂದು ರೈಲ್ವೆಯು ತನ್ನ ನೌಕರರಿಗೆ ಗೇಣಿಗೆ ಕೊಟ್ಟ ಜಾಗಗಳವು. ಅಲ್ಲಿ ಬೆನ್ನು ಬಗ್ಗಿಸಿದವರು ಹೆಚ್ಚಾಗಿ ಉತ್ತರದಿಂದ ಬಂದ ಬಡ ಕೂಲಿಗಳು. ಚರಂಡಿಯ ನೀರು ಹಾಕುತ್ತಾರೆಂದು ಪತ್ರಿಕೆಗಳು ಅವರನ್ನೇ ಬೈದವು. ಅವರು ಹಾಕಿದ್ದು ಚರಂಡಿಯ ನೀರು ಹೌದು. ಅವರಿಗೆ ಒಳ್ಳೆಯ ನೀರಿನ ನಳ ಕೊಟ್ಟವರು ಯಾರು? ಆ ಕೂಲಿಯನ್ನು ಓಡಿಸಿದರೆ ಸೊಪ್ಪು ಶುದ್ಧವಾಗುವುದಿಲ್ಲ. ಅವನಿಗೆ ಶುದ್ಧ ನೀರು ಕೊಟ್ಟರೆ ಆಗುತ್ತದೆ.

ನಮ್ಮ ಹಿರಿಯ ಕಾರ್ಯಕರ್ತರು ಕೆಲವರು ನನಗೆ ಹೇಳುತ್ತಾರೆ: "ಮೊದಲು ಸಂಬಳ, ಭವಿಷ್ಯನಿಧಿ, ವಾರದ ರಜೆ, ಆಮೇಲೆ ನಿನ್ನ ಹರಿವೆ ಸೊಪ್ಪು." ಅವರ ಮಾತಿಗೆ ನಾನು ತಲೆಬಾಗುತ್ತೇನೆ, ಆದರೆ ಪೂರ್ತಿ ಒಪ್ಪುವುದಿಲ್ಲ. 1982ರಲ್ಲಿ ಸಂಬಳ ನಿಂತಾಗ ಎಷ್ಟೋ ಗಿರಣಿ ಕಾರ್ಮಿಕರನ್ನು ಬದುಕಿಸಿದ್ದು ಏನು? ಊರಿನ ಗದ್ದೆ. ಗದ್ದೆಯಿದ್ದವನು ಹೆಚ್ಚು ದಿನ ತಾಳಿದನು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಹೋಟೆಲುಗಳ ಶಟರು ಬಿದ್ದಾಗ ನಾವು ಹನ್ನೊಂದು ಮಂದಿ ಒಂದು ಖೋಲಿಯಲ್ಲಿದ್ದೆವು. ಅಕ್ಕಿ ಯಾರೋ ಪುಣ್ಯಾತ್ಮರು ಕೊಟ್ಟರು. ಸೊಪ್ಪು ತರಕಾರಿ ಕಣ್ಣಿಗೆ ಬೀಳಲಿಲ್ಲ. ಮೇ ತಿಂಗಳಲ್ಲಿ ವಾಶಿಯ ಸಗಟು ಮಾರುಕಟ್ಟೆಯೇ ಕೆಲವು ದಿನ ಮುಚ್ಚಿತು. ಸಂಬಳಕ್ಕಾಗಿ ಹೋರಾಡುವವನಿಗೆ ಹೊಟ್ಟೆಯ ಬಲ ಬೇಡವೇ? ಸೊಪ್ಪು ಸಂಬಳದ ಬದಲಿಗೆ ಅಲ್ಲ, ಸಂಬಳದ ಹೋರಾಟಕ್ಕೆ ಬುತ್ತಿ.

ಇನ್ನೊಂದು ಆಕ್ಷೇಪ: "ಡಬ್ಬದಲ್ಲಿ ಸೊಪ್ಪು ಬೆಳೆದು ಮುಂಬಯಿಯ ಹೊಟ್ಟೆ ತುಂಬಿಸುತ್ತೀರಾ?" ಇಲ್ಲ. ಅಕ್ಕಿ, ಗೋಧಿ, ಬೇಳೆ, ಎಣ್ಣೆ ಮಾಳಿಗೆಯ ಮೇಲೆ ಬೆಳೆಯುವುದಿಲ್ಲ. ಬೆಳೆಯುತ್ತದೆಂದು ಹೇಳುವವನು ನಿಮ್ಮ ಕಿವಿಗೆ ಹೂ ಇಡುತ್ತಾನೆ. ಆದರೆ ದಿನದ ಸೊಪ್ಪು, ಹಸಿಮೆಣಸು, ಕೊತ್ತಂಬರಿ, ಬಸಳೆ, ತೊಂಡೆ, ಟೊಮೆಟೊ ಬೆಳೆಯುತ್ತವೆ. ಬಡವನ ತಟ್ಟೆಯಲ್ಲಿ ಕಾಣೆಯಾಗಿರುವುದೂ ಅವೇ ಅಲ್ಲವೇ?

"ಶ್ರೀಲಂಕಾದಲ್ಲಿ ಸಾವಯವ ಮಾಡಲು ಹೋಗಿ ದೇಶವೇ ಮುಳುಗಿತು" ಎಂದು ಮತ್ತೊಬ್ಬರು ಹೆದರಿಸುತ್ತಾರೆ. ನಡೆದದ್ದು ಹೀಗೆ: 2021ರಲ್ಲಿ ಅಲ್ಲಿಯ ಸರಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಲ್ಲಿಸಿತು. ರೈತನನ್ನು ಕೇಳಲಿಲ್ಲ, ಸಾಕಷ್ಟು ಗೊಬ್ಬರ ಸಿದ್ಧಮಾಡಲಿಲ್ಲ, ಮಣ್ಣಿಗೆ ಪುರುಸೊತ್ತು ಕೊಡಲಿಲ್ಲ. ಬತ್ತವೂ ಚಹವೂ ಇಳಿದು, ನವೆಂಬರಿನಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡರು. ಅಲ್ಲಿ ಸೋತದ್ದು ಮೇಲಿನಿಂದ ಬಂದ ಹುಕುಂ. ಕೆಳಗಿನಿಂದ ಮಾಡಿದ ಕೆಲಸದ ಉದಾಹರಣೆ ಬೇಕೇ? ಸೋವಿಯತ್ ಒಕ್ಕೂಟ 1991ರಲ್ಲಿ ಮುರಿದಾಗ ಕ್ಯೂಬಾಕ್ಕೆ ಎಣ್ಣೆಯೂ ಗೊಬ್ಬರವೂ ಬರುವುದು ನಿಂತಿತು. ಹವಾನಾ ನಗರದ ಜನ ಖಾಲಿ ಸೈಟುಗಳಲ್ಲಿ ಮಡಿ ಕಟ್ಟಿ, ಕಸದ ಗೊಬ್ಬರ ತುಂಬಿ ತರಕಾರಿ ಬೆಳೆದರು. ಸರಕಾರ ನೆಲವನ್ನು ಬಳಕೆಗೆ ಕೊಟ್ಟಿತು. ಧಾನ್ಯವನ್ನು ಕ್ಯೂಬಾ ಹೊರಗಿನಿಂದ ತರಿಸುವುದು ನಿಲ್ಲಲಿಲ್ಲ; ಆದರೆ ನಗರದ ಸೊಪ್ಪು ತರಕಾರಿ ಬಹುಪಾಲು ನಗರದ ಒಳಗಿನಿಂದಲೇ ಬರತೊಡಗಿತು.

ಅಷ್ಟು ದೂರ ಯಾತಕ್ಕೆ? ನಮ್ಮ ಮುಂಬಯಿ ಬಂದರಿಗೇ ಹೋಗಿ. ಬಂದರು ಟ್ರಸ್ಟಿನ ಸಾವಿರಾರು ನೌಕರರಿಗೆ ಊಟ ಬೇಯಿಸುತ್ತಿದ್ದ ಕೇಂದ್ರ ಅಡಿಗೆಮನೆಯ ಅಧಿಕಾರಿಣಿಯಾಗಿದ್ದ ಪ್ರೀತಿ ಪಾಟೀಲರು, 2000ದ ನಂತರದ ಮೊದಲ ವರ್ಷಗಳಲ್ಲಿ, ಅಡಿಗೆಮನೆಯ ಕಸವನ್ನು ಹೊರಗೆ ಕಳಿಸದೆ ಮೇಲಿನ ತಾರಸಿಗೆ ಹತ್ತಿಸಿದರು. ಕ್ಯಾಂಟೀನಿನ ಕೆಲಸಗಾರರ ಕೈಯಿಂದಲೇ ಅಲ್ಲಿ ತರಕಾರಿಯೂ ಹಣ್ಣಿನ ಗಿಡಗಳೂ ಎದ್ದವು. ಕಬ್ಬಿನ ಸಿಪ್ಪೆ ತುಂಬಿ ಗಿಡ ಬೆಳೆಸುವ ಡಾ. ಆರ್. ಟಿ. ದೋಶಿಯವರ ಕ್ರಮ, ಕೊಲ್ಹಾಪುರದ ಶ್ರೀಪಾದ ದಾಭೋಲ್ಕರರ ಪ್ರಯೋಗಗಳು ಅವರಿಗೆ ದಾರಿ ತೋರಿದವು. ಒಂದು ಕ್ಯಾಂಟೀನಿನಲ್ಲಿ ಆದದ್ದು ನಮ್ಮ ಹೋಟೆಲುಗಳಲ್ಲಿ ಆಗಬಾರದೇಕೆ?

ಮಾಡುವ ಬಗೆ ಇಷ್ಟು. ತಳದಲ್ಲಿ ತೂತಿರುವ ಡ್ರಮ್ಮಿಗೆ ಒಂದು ಪಾಲು ಹಸಿ ಸಿಪ್ಪೆ, ಒಂದೂವರೆ ಪಾಲು ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ಮೇಲೆ ಹುಳಿ ಮಜ್ಜಿಗೆಯೋ ಸೆಗಣಿ ನೀರೋ ಚಿಮುಕಿಸಿ. ಎಣ್ಣೆಯ ಪದಾರ್ಥ, ಮಾಂಸ, ಉಪ್ಪಿನಕಾಯಿ ಹಾಕಬೇಡಿ. ನಾಲ್ಕು ದಿನಕ್ಕೊಮ್ಮೆ ಮಗುಚಿ. ವಾಸನೆ ಬಂದರೆ ನೀರು ಹೆಚ್ಚಾಯಿತೆಂದು ತಿಳಿದು ಒಣ ಎಲೆ ಸೇರಿಸಿ. ಎರಡು ತಿಂಗಳ ಒಳಹೊರಗೆ ಕಪ್ಪು ಗೊಬ್ಬರ ಸಿದ್ಧ. ಕೈಯಲ್ಲಿ ಹಿಡಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ಹೋಟೆಲಿನ ಖಾಲಿ ಎಣ್ಣೆ ಡಬ್ಬಕ್ಕೆ ತೂತು ಕೊರೆದು, ಅರ್ಧ ಭಾಗ ರಸದಂಗಡಿಯವನು ಎಸೆಯುವ ಕಬ್ಬಿನ ಸಿಪ್ಪೆ, ಮೇಲೆ ಗೊಬ್ಬರ ಬೆರೆಸಿದ ಮಣ್ಣು ತುಂಬಿದರೆ ತೋಟವಾಯಿತು. ಭಾರವೂ ಕಡಿಮೆ. ಇಟ್ಟಿಗೆಯ ಮೇಲೆ ಇಟ್ಟರೆ ತಾರಸಿ ಸೋರುವ ಭಯವೂ ಕಡಿಮೆ. ಮೆಂತೆ ಮೂರು ವಾರಕ್ಕೆ, ಹರಿವೆ ಒಂದು ತಿಂಗಳಿಗೆ ಕೊಯ್ಲಿಗೆ ಬರುತ್ತವೆ. ಎಲೆ ಬಿಡಿಸಿದ ಬಸಳೆಯ ದಂಟನ್ನು ಎಸೆಯದೆ ಊರಿ, ಚಿಗುರುತ್ತದೆ. ಹೇನು ಬಿದ್ದರೆ ಬೇವಿನೆಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಚಿಮುಕಿಸಿ.

ಆದರೆ ಎಚ್ಚರಿಕೆ! ಡಬ್ಬದ ತೋಟ ಮಾಡಿ ಸುಮ್ಮನಾದರೆ ಧಣಿಗೂ ಪಾಲಿಕೆಗೂ ಬಹಳ ಸಂತೋಷ. ನಾವು ಸಂಘದ ಮೂಲಕ ಕೇಳಬೇಕಾದುದು ಬೇರೆ ಇದೆ. ಒಂದು: ಕಸ ಬೇರ್ಪಡಿಸುವ, ಗೊಬ್ಬರ ಮಾಡುವ ಕೆಲಸ ಡ್ಯೂಟಿಯ ತಾಸಿನೊಳಗೆ ಸೇರಬೇಕು. ಕೈಗವಸು, ಗಂಬೂಟು ಮಾಲೀಕನೇ ಕೊಡಬೇಕು. ಎರಡು: ಬೆಳೆದ ಸೊಪ್ಪು ಮೊದಲು ನೌಕರರ ಊಟಕ್ಕೆ, ಉಳಿದರೆ ಗಿರಾಕಿಗೆ, ಅದನ್ನು ತೋರಿಸಿ ಸಂಬಳದಲ್ಲಿ ಒಂದು ರೂಪಾಯಿಯೂ ಮುರಿಯಕೂಡದು. ಮೂರು: ಪಾಲಿಕೆಯ ಶಾಲೆಗಳ ತಾರಸಿ, ಬೇಲಿ ಹಾಕಿ ಬಿಟ್ಟ ಖಾಲಿ ಜಾಗ, ಗಿರಣಿ ನೆಲದಲ್ಲಿ ಊರಿನ ಪಾಲಿಗೆ ಉಳಿದ ತುಂಡುಗಳು, ಇವನ್ನು ಕಾರ್ಮಿಕರ, ಚಾಳಿನ ಹೆಂಗಸರ ಸಹಕಾರಿ ಗುಂಪುಗಳಿಗೆ ನೀರಿನ ನಳದೊಡನೆ ಗೇಣಿಗೆ ಕೊಡಬೇಕು. ನಾಲ್ಕು: ನಗರದ ಸುತ್ತಿನ ಸಣ್ಣ ತೋಟಗಾರರಿಂದ ಸಂಘವೇ ನೇರವಾಗಿ ಕೊಂಡು ಸದಸ್ಯರಿಗೆ ಹಂಚಬೇಕು. ಐದು ಮಂದಿ ರೈತರು ಸೇರಿ ಒಬ್ಬರ ಹೊಲವನ್ನೊಬ್ಬರು ಪರೀಕ್ಷಿಸಿ ಸಾವಯವವೆಂದು ಪ್ರಮಾಣ ಕೊಡುವ ಪಿ.ಜಿ.ಎಸ್. ಎಂಬ ಸರಕಾರಿ ವ್ಯವಸ್ಥೆಯೇ ಇದೆ. ದಲ್ಲಾಳಿಯ ಚೀಟಿ ನಮಗೆ ಬೇಡ, ರೈತನ ಮಾತು ಸಾಕು.

ಗೆಳೆಯರೇ, ಮುಂದಿನ ಸಭೆಗೆ ಪ್ರತಿಯೊಂದು ಹೋಟೆಲಿನಿಂದ ಒಬ್ಬರು ಒಂದು ಲೆಕ್ಕ ಬರೆದು ತನ್ನಿ: ನಿಮ್ಮಲ್ಲಿ ದಿನಕ್ಕೆ ಎಷ್ಟು ಡ್ರಮ್ಮು ಹಸಿ ಕಸ ಹೋಗುತ್ತದೆ, ತಾರಸಿ ಯಾರ ಕೈಯಲ್ಲಿದೆ, ನೌಕರರ ಊಟದಲ್ಲಿ ಕಳೆದ ವಾರ ಎಷ್ಟು ಸಲ ಸೊಪ್ಪಿತ್ತು. ಚಾಳುಗಳಲ್ಲಿರುವ ಗಿರಣಿಯ ಬಂಧುಗಳು ತಮ್ಮ ಸುತ್ತಿನ ಖಾಲಿ ಜಾಗಗಳ ಪಟ್ಟಿ ತನ್ನಿ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಆ ಲೆಕ್ಕವನ್ನು ಹಿಡಿದು ಮೊದಲು ಮಾಲೀಕರ ಬಾಗಿಲಿಗೆ, ಆಮೇಲೆ ಪಾಲಿಕೆಯ ವಾರ್ಡ್ ಆಫೀಸಿಗೆ ಒಟ್ಟಾಗಿ ಹೋಗೋಣ. ಮಳೆಗಾಲಕ್ಕೆ ಮೊದಲು ಬೀಜ ನೆಲ ಸೇರಬೇಕು.